ಓದುಗರ ಪ್ರಶ್ನೆ: ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಕೊಳ್ಳುವಾಗ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರ ಪತ್ರಗಳು ಅಂದಿನಿಂದ ಬರುತ್ತಲೇ ಇವೆ. ಈ ಸಂಚಿಕೆಗೆ ಗಡಿನಾಡಿನ ಓದುಗರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮಲ್ಲಿರುವುದು ನಾಲ್ಕನೇ ತಲೆಮಾರಿನ ಐ3 ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ಶಾಲೆಯ ಪ್ರಶ್ನೆಪತ್ರಿಕೆ ಟೈಪಿಂಗ್, ಮಗಳ ಪ್ಲಸ್ ಟು ಓದು, ವಿಡಿಯೋ ಕರೆ, ಬ್ಯಾಂಕಿನ ಕೆಲಸ ಇಷ್ಟೇ ನಮ್ಮ ಬಳಕೆ. 40,000 ರೂಪಾಯಿ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಬೇಕು. ಅಂಗಡಿಯಲ್ಲಿ ಒಂದೇ ಬೆಲೆಗೆ ಐದಾರು ಮಾದರಿ ಮುಂದಿಡುತ್ತಾರೆ. ಯಾವುದನ್ನು ನೋಡಿ ಆರಿಸಬೇಕು?
– ಒಬ್ಬ ಶಿಕ್ಷಕಿ, ಬದಿಯಡ್ಕ

ಉತ್ತರ: ಡೆಸ್ಕ್‌ಟಾಪಿನಲ್ಲಿ ಯಾವ ಭಾಗ ಹಳತಾದರೂ ಅದೊಂದನ್ನೇ ಬದಲಿಸಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಆ ಸ್ವಾತಂತ್ರ್ಯ ಬಹಳ ಕಡಿಮೆ. ಆದ್ದರಿಂದ ಆಮೇಲೆ ಬದಲಿಸಲಾಗದ ಭಾಗಕ್ಕೆ ಮೊದಲು ದುಡ್ಡು ಹಾಕಿ, ಬದಲಿಸಬಹುದಾದದ್ದರಲ್ಲಿ ಉಳಿಸಿ. ಪ್ರೊಸೆಸರ್, ಪರದೆ, ಕೀಬೋರ್ಡ್ ಬದಲಿಸಲಾಗದ ಗುಂಪಿನವು. ಹಾರ್ಡ್‌ಡಿಸ್ಕಿನ ಜಾಗದಲ್ಲಿ ಬರುವ ವೇಗದ ಎಸ್‌ಎಸ್‌ಡಿಯನ್ನು ಸಾಮಾನ್ಯವಾಗಿ ಬದಲಿಸಬಹುದು. ರ‍್ಯಾಮ್ ಕೆಲವು ಮಾದರಿಗಳಲ್ಲಿ ಮಾತ್ರ.

ಪ್ರೊಸೆಸರ್ ಹೆಸರಿನಲ್ಲೇ ಮೋಸ ಹೋಗುವವರು ಹೆಚ್ಚು. 'ಐ3' ಎಂದಷ್ಟೇ ಹೇಳಿದರೆ ಏನೂ ತಿಳಿಯದು, ಪೂರ್ತಿ ನಂಬರ್ ಕೇಳಿ. ಐ3-1215ಯು ಎಂದರೆ 12ನೇ ತಲೆಮಾರು. ಅದರಲ್ಲಿ ಎರಡು ವೇಗದ, ನಾಲ್ಕು ಮಿತವ್ಯಯದ, ಒಟ್ಟು ಆರು ಕೋರ್, ಅಂದರೆ ಕೆಲಸ ಹಂಚಿಕೊಳ್ಳುವ ಘಟಕಗಳು. ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಐ3-1315ಯು ಮತ್ತು ಕೋರ್ 3 100ಯು ಅದರ ಹತ್ತಿರದ ನೆಂಟರು. ಮೂರರಲ್ಲಿ ಕಡಿಮೆಗೆ ಸಿಕ್ಕಿದ್ದನ್ನು ಕೊಳ್ಳಿ, ಹೊಸ ಹೆಸರಿಗೆಂದು ಎರಡು ಮೂರು ಸಾವಿರ ಹೆಚ್ಚು ಕೊಡುವ ಅಗತ್ಯ ಕಾಣುವುದಿಲ್ಲ. ಎಎಂಡಿಯ ರೈಜೆನ್ 7000 ಸರಣಿಯಲ್ಲಿ ಮೂರನೆಯ ಅಂಕಿ ನೋಡಬೇಕು. 7520ಯು ಎಂಬುದರಲ್ಲಿ ಆ ಅಂಕಿ 2, ಅಂದರೆ ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯು ಎಂಬುದರಲ್ಲಿ 3, ಅಂದರೆ ಜೆನ್ 3, ಆರು ಕೋರ್. ಹತ್ತೇ ಅಂಕಿಯ ವ್ಯತ್ಯಾಸ ಕಂಡರೂ ಎರಡೂ ಬೇರೆ ಬೇರೆ ದರ್ಜೆಯವು. 40,000ದ ಹತ್ತಿರ 7530ಯು ಸಿಕ್ಕಿದರೆ ಬಿಡಬೇಡಿ. ಇಂಟೆಲ್ ಎನ್100, ಹಳೆಯ ಸೆಲೆರಾನ್ ಎನ್4020 ಇರುವ ಅಗ್ಗದ ಯಂತ್ರಗಳೂ ಕಣ್ಣಿಗೆ ಬೀಳುತ್ತವೆ. ಎನ್100 ಟೈಪಿಂಗಿಗೆ ನಡೆಯುತ್ತದೆ. ಎರಡೇ ಕೋರಿನ ಎನ್4020 ವಿಂಡೋಸ್ 11ರಲ್ಲಿ ತೆವಳುತ್ತದೆ, ಯಾವ ಬೆಲೆಗೂ ಬೇಡ.

ರ‍್ಯಾಮ್ ಹೊಸದರಲ್ಲಿ 8 ಜಿಬಿ ಕನಿಷ್ಠ. ಅದರಲ್ಲಿ ಒಂದು ಪಾಲನ್ನು ಒಳಗಿನ ಗ್ರಾಫಿಕ್ಸ್ ಎತ್ತಿಟ್ಟುಕೊಳ್ಳುತ್ತದೆ. ವಿಡಿಯೋ ಕರೆ, ಬ್ರೌಸರಿನಲ್ಲಿ ಹತ್ತು ಹನ್ನೆರಡು ಟ್ಯಾಬ್, ಜೊತೆಗೆ ವರ್ಡ್ ತೆರೆದರೆ 8 ಜಿಬಿ ತುಂಬಿಯೇ ಬಿಡುತ್ತದೆ. ಈಗ ಎಂಟೇ ಕೊಂಡರೂ 16ಕ್ಕೆ ಏರಿಸುವ ದಾರಿ ಇರಲಿ. ವಿವರದ ಚೀಟಿಯಲ್ಲಿ 'ಎಲ್‌ಪಿಡಿಡಿಆರ್5' ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ ಎಂದು ತಿಳಿಯಿರಿ, ಜೀವಮಾನಕ್ಕೆ ಅಷ್ಟೇ. ಮೇಲೆ ಹೇಳಿದ 7520ಯು ಇರುವ ಯಂತ್ರಗಳೆಲ್ಲ ಈ ಜಾತಿಯವು. 'ಡಿಡಿಆರ್4' ಅಥವಾ 'ಡಿಡಿಆರ್5' ಎಂದಷ್ಟೇ ಇದ್ದರೆ ಸ್ಲಾಟ್ ಇರುವ ಸಾಧ್ಯತೆ ಹೆಚ್ಚು. ಖಾಲಿ ಸ್ಲಾಟ್ ಎಷ್ಟು ಎಂದು ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿದರೆ ಜಾಗ ಹೆಚ್ಚುವುದರ ಜೊತೆಗೆ ಎರಡು ದಾರಿಯಲ್ಲಿ ಮಾಹಿತಿ ಓಡಿ ಗ್ರಾಫಿಕ್ಸೂ ಚುರುಕಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ತುಂಬ ಏರಿದೆ. ಹಾಗಾಗಿ 8 ಮತ್ತು 16 ಜಿಬಿ ಮಾದರಿಗಳ ನಡುವಿನ ಅಂತರ ಬಿಡಿ ರ‍್ಯಾಮಿನ ಬೆಲೆಗಿಂತ ಕಡಿಮೆಯಿದ್ದರೆ 16ರದ್ದನ್ನೇ ತೆಗೆದುಕೊಳ್ಳಿ. ಡೆಸ್ಕ್‌ಟಾಪಿನಲ್ಲಿದ್ದ ಉದ್ದದ ರ‍್ಯಾಮ್ ಪಟ್ಟಿ ಲ್ಯಾಪ್‌ಟಾಪಿಗೆ ಕೂರುವುದಿಲ್ಲ.

ಪರದೆ 1920×1080 ಚುಕ್ಕಿಗಳದ್ದೇ ಆಗಿರಲಿ. 1366×768ರ 15.6 ಇಂಚಿನ ಪರದೆಯಲ್ಲಿ ಸಣ್ಣ ಅಕ್ಷರದ ಕನ್ನಡ ಓದಿ ನೋಡಿ: 'ಸ್ತ್ರ', 'ಕ್ಷ್ಮ' ಬಂದ ಕಡೆ ಒತ್ತುಗಳು ಕಲಸಿಹೋಗಿ ಮಸಿ ಬಿದ್ದಂತೆ ಕಾಣುತ್ತವೆ. ದಿನವಿಡೀ ಕನ್ನಡ ತಿದ್ದುವವರಿಗೆ ಇದು ಸಣ್ಣ ವಿಷಯವಲ್ಲ. ಐಪಿಎಸ್ ಪರದೆಯೇ ಎಂದೂ ನೋಡಿ. ಅಗ್ಗದ ಟಿಎನ್ ಪರದೆಯನ್ನು ಸ್ವಲ್ಪ ಓರೆಯಿಂದ ಅಥವಾ ಮೇಲಿನಿಂದ ನೋಡಿದರೆ ಬಣ್ಣ ತಿರುಗುತ್ತದೆ. ಅಂಗಡಿಯಲ್ಲಿ ನಿಂತು ನೋಡಿದರೆ ಸಾಲದು, ಬಗ್ಗಿ ನಾಲ್ಕೂ ಕಡೆಯಿಂದ ನೋಡಬೇಕು. ಈ ಬೆಲೆಯಲ್ಲಿ ಬೆಳಕು ಹೆಚ್ಚಾಗಿ 250 ನಿಟ್ಸ್. ಕೋಣೆಯೊಳಗೆ ಸಾಕು, ಜಗಲಿಯ ಹಗಲು ಬೆಳಕಿಗೆ ಸಾಲದು.

ಎಸ್‌ಎಸ್‌ಡಿ 512 ಜಿಬಿ, ಎನ್‌ವಿಎಂಇ ಎಂಬ ವೇಗದ ಬಗೆಯದು ಇರಲಿ. 'ಇಎಂಎಂಸಿ 64 ಜಿಬಿ' ಎಂದು ಕಂಡರೆ ಮುಟ್ಟಬೇಡಿ, ಒಂದೆರಡು ದೊಡ್ಡ ಅಪ್‌ಡೇಟಿಗೇ ಅದು ತುಂಬುತ್ತದೆ. ಡಾಸ್ ಹಾಕಿದ ಮಾದರಿ ಕಡಿಮೆ ಬೆಲೆಗೆ ಕಾಣುವುದು ಅದರಲ್ಲಿ ವಿಂಡೋಸ್ ಇಲ್ಲದ ಕಾರಣಕ್ಕೆ. ಲೈಸೆನ್ಸಿನ ಖರ್ಚು ಸೇರಿಸಿ ಹೋಲಿಸಿ. ಸ್ನಾಪ್‌ಡ್ರ್ಯಾಗನ್ ಪ್ರೊಸೆಸರಿನ ಲ್ಯಾಪ್‌ಟಾಪುಗಳ ಬ್ಯಾಟರಿ ಚೆನ್ನ, ಆದರೆ ಹಳೆಯ ಪ್ರಿಂಟರಿನ ಡ್ರೈವರ್ ಅದರಲ್ಲಿ ಕೆಲಸ ಮಾಡದೆ ಹೋಗಬಹುದು. ಮನೆಯಲ್ಲಿ ಹಳೆಯ ಪ್ರಿಂಟರ್ ಇರುವವರು ಇಂಟೆಲ್ ಅಥವಾ ಎಎಂಡಿಯಲ್ಲೇ ಇರುವುದು ಕ್ಷೇಮ.

ಕೊನೆಗೆ ವಾರಂಟಿ. ಕಂಪನಿಯ ಜಾಲತಾಣದಲ್ಲಿ 671ರಿಂದ ಶುರುವಾಗುವ ನಿಮ್ಮ ಪಿನ್‌ಕೋಡ್ ಹಾಕಿ, ಮನೆಗೆ ಬಂದು ರಿಪೇರಿ ಮಾಡುತ್ತಾರೋ ಅಥವಾ ಮಂಗಳೂರಿಗೋ ಕಣ್ಣೂರಿಗೋ ಹೊತ್ತೊಯ್ಯಬೇಕೋ ನೋಡಿ. ಒಂದೇ ಬೆಲೆಯ ಎರಡು ಮಾದರಿಯಲ್ಲಿ ಮನೆಗೆ ಬರುವವರದ್ದೇ ಅಗ್ಗ. ಅವಸರ ಇಲ್ಲದಿದ್ದರೆ ಓಣಂ ರಿಯಾಯಿತಿಯ ತನಕ ಕಾಯಬಹುದು. ಆಗಲೂ ಬ್ಯಾಗು, ಇಯರ್‌ಫೋನಿನ ಉಚಿತ ಕೊಡುಗೆ ಬೇಡವೆಂದು ಹೇಳಿ ಬೆಲೆ ಇಳಿಸಲು ಕೇಳಿ.

ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದೇ ಇಲ್ಲ ಎಂದಾದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಅದೇ ದುಡ್ಡಿಗೆ ಹೊಸ ಡೆಸ್ಕ್‌ಟಾಪ್ ಹೆಚ್ಚು ವೇಗದ್ದು ಸಿಗುತ್ತದೆ.

ಪ್ರಶ್ನೆ: ಮಂಗಳೂರಿನ ಅಂಗಡಿಯೊಂದರಲ್ಲಿ ಕಂಪನಿಗಳು ಬಳಸಿ ಬಿಟ್ಟ ಐ5 ಲ್ಯಾಪ್‌ಟಾಪುಗಳು 20,000 ರೂಪಾಯಿ ಒಳಗೆ ಇವೆ. ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುತ್ತಾರೆ. ಧೈರ್ಯ ಮಾಡಬಹುದೇ?
– ಒಬ್ಬ ಪದವಿ ವಿದ್ಯಾರ್ಥಿ, ಹೊಸಂಗಡಿ

ಉತ್ತರ: ಮಾಡಬಹುದು. ಅದೇ ದುಡ್ಡಿನ ಹೊಸ ಸೆಲೆರಾನ್ ಯಂತ್ರಕ್ಕಿಂತ, ಕಚೇರಿ ಬಳಕೆಗೆಂದೇ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳೇ ಗಟ್ಟಿ. ಕೀಬೋರ್ಡ್ ಚೆನ್ನಾಗಿರುತ್ತದೆ, ಹಲವು ಮಾದರಿಗಳಲ್ಲಿ ರ‍್ಯಾಮ್ ಸ್ಲಾಟ್ ಇರುತ್ತದೆ, ಬಿಡಿಭಾಗ ಸಿಗುತ್ತದೆ. ಆದರೆ 'ವಿಂಡೋಸ್ 11 ಇದೆ' ಎಂಬ ಮಾತಿನಲ್ಲೇ ಮೊದಲ ಗುಂಡಿ. ಮೈಕ್ರೋಸಾಫ್ಟ್ ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಬಹುತೇಕ 8ನೇ ತಲೆಮಾರಿನಿಂದ ಈಚಿನದನ್ನು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. 6 ಮತ್ತು 7ನೇ ತಲೆಮಾರಿನ ಯಂತ್ರಗಳಿಗೂ ತಪಾಸಣೆ ತಪ್ಪಿಸಿ 11 ಹಾಕಿಕೊಡುವವರಿದ್ದಾರೆ. ಇವತ್ತಿಗೆ ಓಡುತ್ತದೆ, ಮುಂದಿನ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವ ಭರವಸೆ ಇಲ್ಲ. ಐ5-7200ಯು ಬೇಡ, ಐ5-8250ಯು ಅಥವಾ 8350ಯು ಬೇಕು. 7200ಯು ಎರಡು ಕೋರಿನದು, 8250ಯು ನಾಲ್ಕು ಕೋರಿನದು, ಆ ಒಂದು ತಲೆಮಾರಿನಲ್ಲಿ ಜಿಗಿತವೇ ದೊಡ್ಡದು.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್, ಇಯರ್‌ಫೋನ್ ಇಟ್ಟುಕೊಳ್ಳಿ, ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಅರ್ಧ ಗಂಟೆ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಯಂತ್ರ ಹೊತ್ತಿಸಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಕೈಬಿಡಿ, ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡನ್ನು ಬ್ಯಾಟರಿ ಕಳಚಿ ಅಳಿಸಲು ಬರುವುದಿಲ್ಲ. ಬಯಾಸಿನಲ್ಲಿರುವ ಸೀರಿಯಲ್ ನಂಬರೂ ತಳಭಾಗದಲ್ಲಿರುವುದೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಬೋರ್ಡ್ ಇಲ್ಲವೇ ಕವಚ ಬದಲಾಗಿದೆ.

ಮುಂದಿನದು ಹೆಚ್ಚಿನವರಿಗೆ ತಿಳಿಯದ ಪರೀಕ್ಷೆ. ವಿಂಡೋಸನ್ನು ಮೊದಲಿನಿಂದ ರೀಸೆಟ್ ಮಾಡಿಸಿ, ಶುರುವಿನ ಪರದೆಯಲ್ಲಿ ಇಂಟರ್ನೆಟ್ ಜೋಡಿಸಿ. ಯಾವುದೋ ಸಂಸ್ಥೆಯ ಹೆಸರು ಕಾಣಿಸಿ ಆ ಸಂಸ್ಥೆಯ ಇಮೇಲ್ ಕೇಳಿದರೆ ಯಂತ್ರ ಇನ್ನೂ ಹಳೆಯ ಕಂಪನಿಯ ನೋಂದಣಿಯಲ್ಲೇ ಇದೆ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ಮಾರಿದರೆ ಇದು ಮುಚ್ಚಿಹೋಗುತ್ತದೆ, ನೀವು ಮುಂದೆಂದೋ ರೀಸೆಟ್ ಮಾಡಿದ ದಿನ ತಲೆ ಎತ್ತುತ್ತದೆ. ಬಿಡಿಸಲು ಆ ಕಂಪನಿಗೆ ಮಾತ್ರ ಸಾಧ್ಯ.

ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಓರೆಗೆರೆ, ಅದಕ್ಕಂಟಿ ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ. ಸಿಗುವ ವರದಿಯಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿಗಳಿವೆ. ಎರಡನೆಯದು ಮೊದಲನೆಯದರ ಶೇ. 60ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾತುಕತೆಯಲ್ಲೇ ಕಳೆಯಿರಿ. ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಆರೋಗ್ಯದ ಶೇಕಡಾವಾರು, ಓಡಿದ ಗಂಟೆ ಎರಡನ್ನೂ ತೋರಿಸುತ್ತದೆ. ಆಮೇಲೆ ಪ್ರತಿ ಕೀ ಒತ್ತಿ ನೋಡಿ, ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ, ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆ ಹುಡುಕಿ, ಪರದೆಯನ್ನು ನಿಧಾನಕ್ಕೆ ಎತ್ತಿ ಇಳಿಸಿ ಹಿಂಜ್ ಬಳಿ ಕವಚ ಬಾಯಿಬಿಡುತ್ತದೆಯೇ ನೋಡಿ. ಹತ್ತು ಹದಿನೈದು ನಿಮಿಷ ವಿಡಿಯೋ ಓಡಿಸಿದಾಗ ತಾನಾಗಿ ಆರಿಹೋದರೆ ಒಳಗಿನ ಥರ್ಮಲ್ ಪೇಸ್ಟ್ ಒಣಗಿರಬಹುದು, ಫ್ಯಾನ್ ಕಟ್ಟಿರಬಹುದು. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅದರಡಿಯ ಬ್ಯಾಟರಿ ಊದಿದೆ, ಅದನ್ನು ಮನೆಗೆ ತರುವುದೇ ಅಪಾಯ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಅದಿಲ್ಲದ ಮೂರು ತಿಂಗಳ ವಾರಂಟಿ ಬಾಯಿಮಾತು ಮಾತ್ರ.

ಪ್ರಶ್ನೆ: ನಮ್ಮೂರಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಲ್ಯಾಪ್‌ಟಾಪಿಗೂ ಡೆಸ್ಕ್‌ಟಾಪಿನ ಯುಪಿಎಸ್ ಬೇಕೇ? ಯಾವಾಗಲೂ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗುತ್ತದಂತೆ, ನಿಜವೇ?
– ಹಾಲಿನ ಸೊಸೈಟಿಯ ಲೆಕ್ಕ ನೋಡುವವರು, ತಾಳವಾಡಿ

ಉತ್ತರ: ಲ್ಯಾಪ್‌ಟಾಪಿಗೆ ಬೇಡ, ಅದರ ಬ್ಯಾಟರಿಯೇ ಯುಪಿಎಸ್. ಕರೆಂಟ್ ಹೋದಾಗ ನಿಜಕ್ಕೂ ನಿಲ್ಲುವುದು ರೂಟರ್. ಹಳೆಯ 600 ವಿಎ ಯುಪಿಎಸ್ ಸರಿಯಿದ್ದರೆ ರೂಟರನ್ನು, ಬೇಕಿದ್ದರೆ ಮಾನಿಟರನ್ನೂ ಅದಕ್ಕೆ ಜೋಡಿಸಿ. ಇಲ್ಲವೇ ರೂಟರಿಗೆಂದೇ ಬರುವ 12 ವೋಲ್ಟಿನ ಮಿನಿ ಯುಪಿಎಸ್ ತನ್ನಿ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿ. 9 ವೋಲ್ಟಿನದಕ್ಕೆ 12 ವೋಲ್ಟ್ ಚುಚ್ಚಿದರೆ ರೂಟರ್ ಸುಡುತ್ತದೆ.

ಬ್ಯಾಟರಿಯ ಮಾತು ಅರ್ಧ ನಿಜ. ಚಾರ್ಜಿಗೆ ಹಾಕಿಟ್ಟದ್ದು ತಪ್ಪಲ್ಲ, ಲಿಥಿಯಂ ಬ್ಯಾಟರಿ ನೂರಕ್ಕೆ ನೂರು ತುಂಬಿಕೊಂಡು ಬಿಸಿಯಲ್ಲಿ ಕೂತಿರುವುದು ತಪ್ಪು. ಹೆಚ್ಚಿನ ಕಂಪನಿಗಳು ಚಾರ್ಜನ್ನು ಸುಮಾರು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯ ಕೊಟ್ಟಿವೆ. ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್, ಆಸುಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್ ಎಂದು ಹುಡುಕಿ. ಎಚ್‌ಪಿಯ ಹಲವು ಮಾದರಿಗಳಲ್ಲಿ ಇದು ಬಯಾಸ್ ಒಳಗಿದೆ. ಮೇಜಿನ ಮೇಲೇ ಇರುವ ಯಂತ್ರಕ್ಕೆ ಮೊದಲ ದಿನವೇ ಇದನ್ನು ಹಾಕಿಬಿಡಿ. ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಇಲ್ಲದ ವಾರ ಬಂದರೆ ಅಷ್ಟು ದಿನ ತೆಗೆದಿಡಿ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಿದರೆ ತಳದ ಗಾಳಿಕಿಂಡಿ ಮುಚ್ಚಿ ಬಿಸಿ ಏರುತ್ತದೆ, ಬ್ಯಾಟರಿ ಬೇಗ ಸಾಯುವುದು ಹೀಗೇ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್ ಈಗ ಹೊತ್ತುವುದೇ ಇಲ್ಲ. ಅದರಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹದಿನೈದು ವರ್ಷದ ಬರಹಗಳಿವೆ. ಹೊಸ ಲ್ಯಾಪ್‌ಟಾಪಿಗೆ ತರುವುದು ಹೇಗೆ? ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ಒಂದು ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು.
– ಕನ್ನಡ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು, ಅಕ್ಕಲಕೋಟೆ

ಉತ್ತರ: ಹೊತ್ತದಿರುವುದು ಡೆಸ್ಕ್‌ಟಾಪ್, ಡಿಸ್ಕ್ ಸತ್ತಿರಬೇಕೆಂದಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿದರೆ ದೊಡ್ಡ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಡೆಸ್ಕ್‌ಟಾಪಿನದು 3.5 ಇಂಚಿನ ಡಿಸ್ಕ್, ಅದಕ್ಕೆ 12 ವೋಲ್ಟ್ ಬೇಕು. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಇರುವ ಕೇಸನ್ನೇ ಕೇಳಿ. ಲ್ಯಾಪ್‌ಟಾಪ್ ಡಿಸ್ಕಿನ ಸಣ್ಣ ಕೇಬಲ್ ತಂದರೆ ಡಿಸ್ಕ್ ತಿರುಗುವುದೇ ಇಲ್ಲ, ಕೆಟ್ಟಿದೆ ಎಂದು ಎಸೆಯುವವರೂ ಇದ್ದಾರೆ! ಬಹಳ ಹಳೆಯದಾಗಿದ್ದು ಅಗಲವಾದ ಚಪ್ಪಟೆ ಕೇಬಲ್ ಜೋಡಿಸಿದ್ದರೆ ಅದು ಐಡಿಇ, ಅದಕ್ಕೆ ಬೇರೆಯೇ ಕನೆಕ್ಟರ್. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಕೂಡಲೇ ಆರಿಸಿ, ದತ್ತಾಂಶ ರಕ್ಷಿಸುವವರ ಬಳಿ ಒಯ್ಯಿರಿ. ಮತ್ತೆ ಮತ್ತೆ ಹೊತ್ತಿಸಿದಷ್ಟೂ ಒಳಗಿನ ತಟ್ಟೆ ಗೀಚುತ್ತದೆ.

ಹಳೆಯ ಯೂಸರ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದರೆ 'ಕಂಟಿನ್ಯೂ' ಒತ್ತಿ ಕಾಯಿರಿ. ಡಾಕ್ಯುಮೆಂಟ್ಸ್ ಮಾತ್ರವಲ್ಲ, ಡೆಸ್ಕ್‌ಟಾಪ್ ಫೋಲ್ಡರ್, ಡಿ ಮತ್ತು ಇ ಡ್ರೈವ್, ಮರೆಯದೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಕಾಪಿ ಮಾಡಿಕೊಳ್ಳಿ. ನಿಮ್ಮ ಗೋಜಲಿಗೆ ಮದ್ದು ಇರುವುದು ಅಲ್ಲೇ. ಹಳೆಯ ನುಡಿ ಕಡತಗಳಲ್ಲಿ ನಿಜವಾಗಿ ಉಳಿದಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ನುಡಿ ಫಾಂಟ್. ಫಾಂಟ್ ಹಾಕಿದ ಕೂಡಲೇ ಬರಹ ಮೊದಲಿನಂತೆ ಕಾಣುತ್ತದೆ.

ಮುಂದಿನ ದಿನಗಳಿಗಾಗಿ, ನುಡಿ ಫಾಂಟ್ ಇಲ್ಲದ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸುವುದು ಒಳ್ಳೆಯದು, ಪರಿವರ್ತಕ ತಂತ್ರಾಂಶಗಳು ಉಚಿತವಾಗಿವೆ. ಮೂಲ ಕಡತವನ್ನು ಅಳಿಸಬೇಡಿ. ಪರಿವರ್ತನೆಯ ನಂತರ ಕರಡು ತಿದ್ದುವಾಗ ಕಣ್ಣಿಡಬೇಕಾದ್ದು ಅರ್ಕಾವತ್ತು, ಎರಡು ಒತ್ತು ಸೇರಿದ ಅಕ್ಷರ, ಅಂಕಿಗಳು ಮತ್ತು ನಡುನಡುವೆ ಬರೆದ ಇಂಗ್ಲಿಷ್ ಪದಗಳ ಮೇಲೆ. ಸಾದಾ ಪಠ್ಯವಾಗಿ ಪರಿವರ್ತಿಸಿದರೆ ಇಂಗ್ಲಿಷ್ ಪದವನ್ನೂ ನುಡಿಯ ಸಂಕೇತವೆಂದೇ ಓದಿ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಹೊಸದಾಗಿ ಟೈಪ್ ಮಾಡಲು ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇದೆ. ಇನ್‌ಸ್ಕ್ರಿಪ್ಟ್ ಅಲ್ಲದೆ ಧ್ವನಿ ಆಧಾರಿತ ವಿನ್ಯಾಸವೂ 2019ರಿಂದ ಬಂದಿದೆ. ಕೈಗೆ ನುಡಿಯ ವಿನ್ಯಾಸವೇ ಹತ್ತಿದ್ದರೆ ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆರಿಸಿ ಬರೆಯಿರಿ.

ಪ್ರಶ್ನೆ: ಹತ್ತಿ ಮಂಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಡೆಸ್ಕ್‌ಟಾಪಿನ ನೀಲಿ ಪಿನ್ನಿನ ಮಾನಿಟರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಲ್ಯಾಪ್‌ಟಾಪಿಗೆ ಹೊಂದುತ್ತವೆಯೇ?
– ಒಬ್ಬ ವ್ಯಾಪಾರಿ, ಆದೋನಿ

ಉತ್ತರ: ಮಾನಿಟರ್ ಹೊಂದುತ್ತದೆ. ನೀಲಿ ಪಿನ್ನಿನದು ವಿಜಿಎ, ಲ್ಯಾಪ್‌ಟಾಪಿನಲ್ಲಿರುವುದು ಎಚ್‌ಡಿಎಂಐ. 'ಎಚ್‌ಡಿಎಂಐಯಿಂದ ವಿಜಿಎಗೆ' ಎಂಬ ಕನ್ವರ್ಟರ್ ತನ್ನಿ. ಒಳಗೆ ಚಿಪ್ ಇರುವುದೇ ಬೇಕು, ಬರೀ ತಂತಿ ಜೋಡಿಸಿದ ಕೇಬಲ್ ಕೆಲಸ ಮಾಡದು. ವಿಜಿಎಯಲ್ಲಿ ಸದ್ದು ಹೋಗುವುದಿಲ್ಲ, ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ಕೇಳಬೇಕು. ಕೀಬೋರ್ಡ್ ಮೌಸ್ ಯುಎಸ್‌ಬಿ ಆಗಿದ್ದರೆ ಹಾಗೇ ಚುಚ್ಚಿ. ಪ್ರಿಂಟರಿನ ಹಿಂದೆ ಚೌಕದ ಯುಎಸ್‌ಬಿ ಕಿಂಡಿ ಇದೆಯೇ ಮೊದಲು ನೋಡಿ. ಅಗಲದ ಪ್ಯಾರಲಲ್ ಪೋರ್ಟ್ ಒಂದೇ ಇದ್ದರೆ ಯುಎಸ್‌ಬಿ-ಪ್ಯಾರಲಲ್ ಕೇಬಲ್ ಕೆಲವಕ್ಕೆ ಒಪ್ಪುತ್ತದೆ, ಕೆಲವಕ್ಕೆ ಒಪ್ಪುವುದಿಲ್ಲ, ಹಿಂತಿರುಗಿಸುವ ಮಾತಿನ ಮೇಲೆ ತನ್ನಿ.

ಟ್ಯಾಲಿಯಲ್ಲಿ ಕ್ರಮ ತಪ್ಪಬೇಡಿ. ಹಳೆಯ ಯಂತ್ರದಲ್ಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ, ಅಲ್ಲೇ ಲೈಸೆನ್ಸನ್ನು ಸರೆಂಡರ್ ಮಾಡಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಸಕ್ರಿಯಗೊಳಿಸಿ. ಸಿಲ್ವರ್ ಲೈಸೆನ್ಸ್ ಒಂದೇ ಯಂತ್ರಕ್ಕೆ. ಸರೆಂಡರ್ ಮಾಡದೆ ಹಳೆಯದನ್ನು ಗುಜರಿಗೆ ಹಾಕಿದರೆ ಸಹಾಯವಾಣಿಯ ಬೆನ್ನು ಹತ್ತಬೇಕಾಗುತ್ತದೆ. ಮಂಡಿಯವರಿಗೆ 15.6 ಇಂಚಿನದೇ ಸರಿ, ಬಲಗಡೆ ಅಂಕಿಗಳ ಬೇರೆ ಕೀಗಳಿರುವ ಮಾದರಿ ಕೇಳಿ. 14 ಇಂಚಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಪ್ರಶ್ನೆ: ಮಗ ಹೈಸ್ಕೂಲಿನಲ್ಲಿದ್ದಾನೆ. ಶಾಲೆಯಲ್ಲಿ ವಿಂಡೋಸಿನ ಬದಲು, ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸ್ ಬಳಸುತ್ತಾರೆ. ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆ ಅದನ್ನೂ ಹಾಕಬಹುದೇ?
– ಒಬ್ಬ ತಾಯಿ, ಕುಂಬಳೆ

ಉತ್ತರ: ಹಾಕಬಹುದು. ಕೈಟ್ ಗ್ನೂ/ಲಿನಕ್ಸ್ ಉಬುಂಟು ಆಧಾರಿತ, ಉಚಿತ. ಆದರೆ ಹೊಸ ಲ್ಯಾಪ್‌ಟಾಪಿನ ವೈಫೈ ಚಿಪ್ ತೀರಾ ಹೊಸದಾಗಿದ್ದರೆ ಅದನ್ನು ಗುರುತಿಸದೆ ಇರಬಹುದು. ಅದಕ್ಕೇ ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ (ಡಿಸ್ಕಿಗೆ ಹಾಕದೆಯೇ) ಓಡಿಸಿ ವೈಫೈ, ಸದ್ದು, ಟಚ್‌ಪ್ಯಾಡ್ ಮೂರೂ ನೋಡಿ. ಸರಿ ಬಂದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ 60ರಿಂದ 80 ಜಿಬಿ ಬಿಡಿಸಿಕೊಂಡು ಅಲ್ಲಿ ಹಾಕಿಸಿ. ಅದಕ್ಕೂ ಮುಂಚೆ ಒಂದು ಕೆಲಸ ತಪ್ಪಿಸಬೇಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಾನಾಗಿ ಬಿಟ್‌ಲಾಕರ್ ಬೀಗ ಹಾಕಿಕೊಳ್ಳುವುದುಂಟು. ಬೂಟ್ ಕ್ರಮ ಬದಲಾದೊಡನೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸಿನ ಭಾಗದಲ್ಲಿರುವ ಕಡತಗಳನ್ನು ಲಿನಕ್ಸಿನಿಂದ ತಿದ್ದಲು ಬಿಡುವುದಿಲ್ಲ.

ಹಳೆಯ ಡೆಸ್ಕ್‌ಟಾಪ್ ಇನ್ನೂ ಓಡುತ್ತಿದೆಯೇ? ಹಾಗಿದ್ದರೆ ಅದಕ್ಕೊಂದು 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ ಲಿನಕ್ಸನ್ನು ಅಲ್ಲೇ ಇಡುವುದು ಇನ್ನೂ ಜಾಣತನ. ಹೊಸ ಯಂತ್ರ ಮುಟ್ಟುವುದೇ ಬೇಡ.

ಪ್ರಶ್ನೆ: ಆಟಿ ತಿಂಗಳಲ್ಲಿ ಡೆಸ್ಕ್‌ಟಾಪ್ ತೇವ ಹಿಡಿಯುತ್ತಿತ್ತು, ಸಿಡಿಲಿಗೆ ಎರಡು ಸಲ ಮೋಡೆಮ್ ಹೋಗಿದೆ. ಲ್ಯಾಪ್‌ಟಾಪಿಗೆ ಏನು ಜಾಗ್ರತೆ?
– ಒಬ್ಬ ಅಡಿಕೆ ಕೃಷಿಕರು, ಮುಳ್ಳೇರಿಯ

ಉತ್ತರ: ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಡಬೇಡಿ, ದಿನಕ್ಕೆ ಅರ್ಧ ಗಂಟೆಯಾದರೂ ಓಡಲಿ. ಒಳಗಿನ ಬಿಸಿಗೆ ತೇವ ಆರುತ್ತದೆ. ತಣ್ಣಗಿನ ಎ.ಸಿ. ಕೋಣೆಯಿಂದ ತಂದದ್ದನ್ನು ಕೂಡಲೇ ಹೊತ್ತಿಸದೆ ಸ್ವಲ್ಪ ಹೊತ್ತು ಬಿಡಿ. ಸಿಡಿಲಿನ ಭಯ ಹೆಚ್ಚು ಮುಂಗಾರಿನ ಮುಂಚಿನ ಮಳೆಯಲ್ಲಿ ಮತ್ತು ಅಕ್ಟೋಬರ್, ನವೆಂಬರಿನ ಸಂಜೆಗಳಲ್ಲಿ. ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಿ. ಮೋಡೆಮ್ ಹೋದದ್ದು ಟೆಲಿಫೋನ್ ತಂತಿಯ ದಾರಿಯಲ್ಲೂ ಇರಬಹುದು. ಫೈಬರಿಗೆ ಬದಲಾದರೆ ಆ ದಾರಿ ಮುಚ್ಚುತ್ತದೆ, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಆದರೂ ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ, ರೂಟರಿನ ಅಡಾಪ್ಟರಿನಿಂದ ಬಂದ ಏಟು ಆ ಕೇಬಲ್ಲಿನಲ್ಲೇ ಒಳಗೆ ಬರುತ್ತದೆ. ಲೋಹದ ಕವಚ ಮುಟ್ಟಿದಾಗ ಜುಮ್ಮೆಂದರೆ ಮನೆಯ ಅರ್ತಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಅಡಾಪ್ಟರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಿಕೊಂಡವರಿಗೂ ಹೀಗಾಗುತ್ತದೆ. ಅರ್ತ್ ಸರಿಯಿಲ್ಲದ ಮನೆಯಲ್ಲಿ ಸಾವಿರ ರೂಪಾಯಿಯ ಸರ್ಜ್ ಪ್ರೊಟೆಕ್ಟರ್ ತಂದರೂ ಅದಕ್ಕೆ ಏಟನ್ನು ಇಳಿಸಲು ಜಾಗವಿಲ್ಲ, ಮೊದಲು ವಯರ್‌ಮನ್ ಕರೆಸಿ ಅರ್ತ್ ಗುಂಡಿ ನೋಡಿಸಿ.